ಲೆಕ್ಕದ ಕಡತಕ್ಕೆ ಆಯುಷ್ಯವೆಷ್ಟು? ಸ್ಪ್ರೆಡ್‌ಶೀಟ್ ಸ್ವರೂಪಗಳು ಮತ್ತು ವರ್ತಕರ ಎಚ್ಚರ

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಖಾತೆ ಪುಸ್ತಕಗಳಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸಿ, ಹಳೆಯ ಕಿರ್ದಿ ಖಾತೆಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೇರಿಸುವುದು ನಮ್ಮ ವರ್ತಕ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಆ ಗಂಟನ್ನು ಐವತ್ತು ವರ್ಷಗಳ ನಂತರ ಬಿಚ್ಚಿದರೂ ಮೊಮ್ಮಗನು ತಾತನ ಕೈಬರಹದ ಜಮಾ ಖರ್ಚನ್ನು ಓದಬಲ್ಲನು. ಕಾಗದಕ್ಕೆ ಗೆದ್ದಲು ಹತ್ತದಿದ್ದರೆ ಸಾಕು, ಬೇರೆ ಯಾವ ಸಲಕರಣೆಯೂ ಅವನಿಗೆ ಬೇಕಿಲ್ಲ.

ಆದರೆ ಉತ್ತರ ಕರ್ನಾಟಕದ ಕೆಲವು ಹಳೆಯ ಮನೆತನಗಳಲ್ಲಿ ಇನ್ನೊಂದು ಬಗೆಯ ಗಂಟುಗಳೂ ಉಂಟು. ಅವುಗಳಲ್ಲಿರುವ ದಫ್ತರಗಳು ಮೋಡಿ ಲಿಪಿಯವು. ಕಾಗದ ಹರಿದಿಲ್ಲ, ಶಾಯಿ ಮಾಸಿಲ್ಲ. ಆದರೆ ಓದಬಲ್ಲವರು ವಿರಳರಾಗಿದ್ದಾರೆ. ದಾಖಲೆ ಉಳಿದರೂ ಅದರ ಲಿಪಿಯನ್ನು ಬಲ್ಲವರು ಉಳಿಯದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಇಂದು ನಮ್ಮ ಬಹುತೇಕ ಸಂಸ್ಥೆಗಳ ದಾಸ್ತಾನು ಪಟ್ಟಿ, ಬಾಕಿದಾರರ ಪಟ್ಟಿ, ದರಪಟ್ಟಿ, ಸಂಬಳದ ವಿವರ ಮತ್ತು ತೆರಿಗೆಯ ಪೂರ್ವಸಿದ್ಧತೆಗಳೆಲ್ಲವೂ ಗಣಕಯಂತ್ರದ ಸ್ಪ್ರೆಡ್‌ಶೀಟ್ ಕಡತಗಳಲ್ಲಿವೆ. ಇವುಗಳಿಗೂ ಒಂದೊಂದು ಲಿಪಿಯಿದೆ. ಅದನ್ನೇ ತಂತ್ರಜ್ಞರು ಕಡತದ ಸ್ವರೂಪ, ಅರ್ಥಾತ್ ಫೈಲ್ ಫಾರ್ಮ್ಯಾಟ್ ಎಂದು ಕರೆಯುತ್ತಾರೆ. ಆ ಲಿಪಿಯನ್ನು ಬಲ್ಲ ತಂತ್ರಾಂಶ ಇರುವವರೆಗೆ ಮಾತ್ರ ನಮ್ಮ ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಕಡತವನ್ನು ತೆರೆಯುವ ಕೀಲಿಕೈ ಯಾರ ಬಳಿಯಿದೆ ಎಂಬ ಪ್ರಶ್ನೆಯನ್ನು ಗಣಕಯಂತ್ರದ ಹುಡುಗನಿಗೆ ಬಿಟ್ಟು ಸುಮ್ಮನಿರುವಂತಿಲ್ಲ; ಮಾಲೀಕರೇ ಅದನ್ನು ತಿಳಿದಿರಬೇಕಾಗುತ್ತದೆ. ಈ ಸ್ವರೂಪಗಳ ಹಿನ್ನೆಲೆಯನ್ನೂ ಅವುಗಳಿಂದ ನಿತ್ಯ ವ್ಯವಹಾರದಲ್ಲಿ ಉಂಟಾಗುವ ತೊಡಕುಗಳನ್ನೂ ಕೈಗೊಳ್ಳಬೇಕಾದ ಕ್ರಮಗಳನ್ನೂ ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿನ್ನೋಟ

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ಆಪಲ್ 2 ಗಣಕಯಂತ್ರಕ್ಕಾಗಿ ರೂಪಿಸಿದ ವಿಸಿಕ್ಯಾಲ್ಕ್ ವೈಯಕ್ತಿಕ ಗಣಕಯಂತ್ರಗಳ ಮೊದಲ ಸ್ಪ್ರೆಡ್‌ಶೀಟ್ ತಂತ್ರಾಂಶ. ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುವ ಈ ಸೌಲಭ್ಯಕ್ಕಾಗಿಯೇ ಅನೇಕ ವರ್ತಕರು ಗಣಕಯಂತ್ರವನ್ನು ಕೊಂಡರು. 1983ರಲ್ಲಿ ಬಂದ ಲೋಟಸ್ 1-2-3 ಈ ಕ್ಷೇತ್ರದ ಪ್ರಭುತ್ವವನ್ನು ತನ್ನದಾಗಿಸಿಕೊಂಡಿತು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 1985ರಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗೂ 1987ರಲ್ಲಿ ವಿಂಡೋಸ್‌ಗೂ ಬಂದಿತು.

ಹೊಸದಾಗಿ ಅಂಗಡಿ ತೆರೆದವನು ಹಳೆಯ ಅಂಗಡಿಯ ಗಿರಾಕಿಗಳನ್ನು ಸೆಳೆಯಬೇಕಾದರೆ ಅವರ ಹಳೆಯ ಲೆಕ್ಕವನ್ನು ಒಪ್ಪಿಕೊಳ್ಳಲೇಬೇಕು. ಎಕ್ಸೆಲ್ ಮಾಡಿದ್ದೂ ಅದನ್ನೇ. ಲೋಟಸ್ ತಂತ್ರಾಂಶದಲ್ಲಿ ಒಂದು ದೋಷವಿತ್ತು: ಕ್ರಿ.ಶ. 1900ನೇ ವರ್ಷವನ್ನು ಅದು ಅಧಿಕ ವರ್ಷವೆಂದು ಎಣಿಸುತ್ತಿತ್ತು. ವಾಸ್ತವವಾಗಿ ಆ ವರ್ಷ ಫೆಬ್ರವರಿ 29ನೇ ದಿನಾಂಕವೇ ಇರಲಿಲ್ಲ. ಲೋಟಸ್ ಕಡತಗಳಲ್ಲಿನ ದಿನಾಂಕಗಳು ಏರುಪೇರಾಗಬಾರದೆಂಬ ಕಾರಣಕ್ಕೆ ಎಕ್ಸೆಲ್ ಆ ತಪ್ಪನ್ನು ತಿಳಿದೂ ಉಳಿಸಿಕೊಂಡಿತು. ಇಂದಿಗೂ ಎಕ್ಸೆಲ್‌ನಲ್ಲಿ 60 ಎಂಬ ಸಂಖ್ಯೆಯನ್ನು ದಿನಾಂಕವಾಗಿ ತೋರಿಸಲು ಹೇಳಿದರೆ 29-02-1900 ಎಂಬ ಇಲ್ಲದ ದಿನವನ್ನೇ ತೋರಿಸುತ್ತದೆ. ಹೊಂದಾಣಿಕೆ ಎಂಬುದರ ಬೆಲೆಯನ್ನು ತಿಳಿಯಲು ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮುಂದೆ ಲೋಟಸ್‌ನ ಗತಿಯೇನಾಯಿತು? 1995ರಲ್ಲಿ ಐಬಿಎಂ ಸಂಸ್ಥೆ ಅದನ್ನು ಕೊಂಡುಕೊಂಡಿತು. 2007ರ ಆವೃತ್ತಿಯಿಂದ ಎಕ್ಸೆಲ್ ಲೋಟಸ್ ಕಡತಗಳನ್ನು ತೆರೆಯುವ ಸೌಲಭ್ಯವನ್ನು ಕೈಬಿಟ್ಟಿತು. 2014ರಲ್ಲಿ ಐಬಿಎಂ ಲೋಟಸ್ 1-2-3ಕ್ಕೆ ನೀಡುತ್ತಿದ್ದ ಬೆಂಬಲವನ್ನೂ ನಿಲ್ಲಿಸಿತು. ಒಂದು ಕಾಲಕ್ಕೆ ಜಗತ್ತಿನ ವ್ಯಾಪಾರದ ಲೆಕ್ಕವನ್ನೆಲ್ಲ ಹೊತ್ತಿದ್ದ ಲಿಪಿಯು ಮೂರೇ ದಶಕಗಳಲ್ಲಿ ಮೋಡಿ ಲಿಪಿಯ ಸ್ಥಿತಿಗೆ ಬಂದಿತು. ಆ ಕಡತಗಳನ್ನು ಓದಬಲ್ಲ ಸೌಲಭ್ಯ ಇಂದು ಉಳಿದಿರುವುದು ಲಿಬ್ರೆ ಆಫೀಸ್‌ನಂಥ ಕೆಲವೇ ತಂತ್ರಾಂಶಗಳಲ್ಲಿ.

ಎರಡು ಮಾನಕಗಳ ಪೈಪೋಟಿ

2007ಕ್ಕೆ ಮುಂಚಿನ ಎಕ್ಸೆಲ್ ಕಡತಗಳ ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್‌ಎಸ್ ಎಂದಿರುತ್ತಿತ್ತು. ಅವು ಯಂತ್ರಕ್ಕೆ ಮಾತ್ರ ಅರ್ಥವಾಗುವ ದ್ವಿಮಾನ ರೂಪದವು. ಅವುಗಳ ಒಳರಚನೆಯ ಸಂಪೂರ್ಣ ವಿವರವನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದ್ದು 2008ರಲ್ಲಿ. ಅಲ್ಲಿಯವರೆಗೆ ಇತರ ತಂತ್ರಾಂಶಗಳನ್ನು ರೂಪಿಸುವವರು ಬಹುಮಟ್ಟಿಗೆ ಊಹೆ ಮತ್ತು ಪ್ರಯೋಗಗಳಿಂದಲೇ ಅವುಗಳನ್ನು ಓದಬೇಕಾಗಿತ್ತು. ಒಂದು ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿದ್ದ ಪಟ್ಟಿ ಇನ್ನೊಂದರಲ್ಲಿ ಚದುರಿಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಪರ್ಯಾಯವಾಗಿ ಬಂದದ್ದು ಓಪನ್ ಡಾಕ್ಯುಮೆಂಟ್ ಸ್ವರೂಪ. 2005ರಲ್ಲಿ ಓಯಸಿಸ್ ಎಂಬ ಮಾನಕ ಸಂಸ್ಥೆಯೂ 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಕೂಡ ಇದಕ್ಕೆ ಮನ್ನಣೆ ನೀಡಿದವು. ಇದರ ಸ್ಪ್ರೆಡ್‌ಶೀಟ್ ಕಡತಗಳಿಗೆ ಓಡಿಎಸ್ ಎಂಬ ಗುರುತು. ಅತ್ತ ಮೈಕ್ರೋಸಾಫ್ಟ್ ಸಂಸ್ಥೆಯೂ 2007ರ ಆವೃತ್ತಿಯೊಂದಿಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ಹೊಸ ಸ್ವರೂಪವನ್ನು ತಂದು, ಅದನ್ನೂ ಅಂತರರಾಷ್ಟ್ರೀಯ ಮಾನಕವಾಗಿಸಲು ಮುಂದಾಯಿತು. 2007ರ ಸೆಪ್ಟೆಂಬರ್ ಮತದಾನದಲ್ಲಿ ಪ್ರಸ್ತಾವ ಬಿದ್ದುಹೋಯಿತು. ತಿದ್ದುಪಡಿಗಳ ನಂತರ 2008ರಲ್ಲಿ ಅಂಗೀಕಾರವಾಯಿತು. ಎರಡೂ ಸಂದರ್ಭಗಳಲ್ಲಿ ಭಾರತದ ಮತ ವಿರುದ್ಧವಾಗಿಯೇ ಇತ್ತೆಂಬುದು ಗಮನಾರ್ಹ. ಅಂಗೀಕಾರದ ನಂತರ ದಕ್ಷಿಣ ಆಫ್ರಿಕ, ಬ್ರೆಜಿಲ್ ಮತ್ತು ವೆನೆಜುವೆಲಾ ದೇಶಗಳೊಂದಿಗೆ ಭಾರತವೂ ಮೇಲ್ಮನವಿ ಸಲ್ಲಿಸಿತಾದರೂ ಅದು ಪುರಸ್ಕೃತವಾಗಲಿಲ್ಲ. 2010ರಲ್ಲಿ ನಮ್ಮ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿತು.

ಹೊಸ ಸ್ವರೂಪಗಳೆರಡರಲ್ಲೂ ಒಂದು ಸದ್ಗುಣವಿದೆ. ಎರಡೂ ಜಿಪ್ ಮಾಡಿದ ಪೊಟ್ಟಣಗಳೇ. ಒಳಗಿರುವುದು ಮನುಷ್ಯರೂ ಓದಬಹುದಾದ ಎಕ್ಸ್‌ಎಂಎಲ್ ಪಠ್ಯ. ಎಂದಾದರೂ ತಂತ್ರಾಂಶ ಇಲ್ಲವಾದರೂ ಪೊಟ್ಟಣವನ್ನು ಬಿಚ್ಚಿ ಅಂಕಿಗಳನ್ನು ಹೊರತೆಗೆಯುವ ಸಾಧ್ಯತೆಯಾದರೂ ಉಳಿಯುತ್ತದೆ.

ಆದರೆ ಮಾನಕವೆಂಬ ಮುದ್ರೆ ಬಿದ್ದ ಮಾತ್ರಕ್ಕೆ ಹೊಂದಾಣಿಕೆ ಸಿದ್ಧಿಸುವುದಿಲ್ಲ. ಓಪನ್ ಡಾಕ್ಯುಮೆಂಟ್‌ನ ಮೊದಲ ಆವೃತ್ತಿಗಳಲ್ಲಿ ಲೆಕ್ಕದ ಸೂತ್ರಗಳನ್ನು ಹೇಗೆ ಬರೆಯಬೇಕೆಂಬ ವಿವರವೇ ಇರಲಿಲ್ಲ. 2009ರಲ್ಲಿ ಎಕ್ಸೆಲ್ 2007 ತನ್ನ ಪರಿಷ್ಕರಣೆಯೊಂದರ ಮೂಲಕ ಓಡಿಎಸ್ ಕಡತಗಳನ್ನು ತೆರೆಯಲಾರಂಭಿಸಿದಾಗ, ಓಪನ್ ಆಫೀಸ್‌ನಲ್ಲಿ ಸಿದ್ಧಪಡಿಸಿದ ಕಡತಗಳ ಸೂತ್ರಗಳು ಮಾಯವಾಗಿ ಕೊನೆಯ ಉತ್ತರಗಳು ಮಾತ್ರ ಉಳಿಯುತ್ತಿದ್ದವು. ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಒಂದು ಅಂಕಿಯನ್ನು ಬದಲಿಸಿದಾಗ ಮೊತ್ತ ಮಾತ್ರ ಅಲುಗಾಡುತ್ತಿರಲಿಲ್ಲ. ಸೂತ್ರಗಳ ಖಚಿತ ವಿವರಣೆ ಮಾನಕದೊಳಗೆ ಬಂದದ್ದು 2011ರ 1.2ನೇ ಆವೃತ್ತಿಯಲ್ಲಿ.

ಸಾಲುಗಳು ಮುಗಿದುಹೋದ ಕಥೆ

ಕಡತದ ಸ್ವರೂಪವನ್ನು ಅಲಕ್ಷಿಸಿದರೆ ಎಂಥ ಅನಾಹುತವಾಗಬಹುದೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವೊಂದನ್ನು ನೋಡಬಹುದು. ಹಳೆಯ ಎಕ್ಸ್‌ಎಲ್‌ಎಸ್ ಹಾಳೆಯೊಂದರಲ್ಲಿ 65,536 ಅಡ್ಡಸಾಲುಗಳು ಮಾತ್ರ ಹಿಡಿಯುತ್ತವೆ. ಎಕ್ಸ್‌ಎಲ್‌ಎಸ್‌ಎಕ್ಸ್ ಹಾಳೆಯ ಮಿತಿ 10,48,576 ಸಾಲುಗಳು. 2020ರ ಕೋವಿಡ್ ಸಂದರ್ಭದಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬುತ್ತಿತ್ತು. ಪ್ರತಿಯೊಂದು ಫಲಿತಾಂಶಕ್ಕೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಹಾಳೆ ಬೇಗನೆ ತುಂಬಿತು. ಮಿಕ್ಕ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ಪ್ರಕರಣಗಳು ಅಂದಿನ ಲೆಕ್ಕಕ್ಕೆ ಬರಲಿಲ್ಲ. ಅವರ ಸಂಪರ್ಕದಲ್ಲಿದ್ದವರನ್ನು ಪತ್ತೆ ಹಚ್ಚುವ ಕಾರ್ಯ ಆ ದಿನಗಳ ಮಟ್ಟಿಗೆ ಹಿಂದೆ ಬಿತ್ತು.

ಹದಿಮೂರು ವರ್ಷಗಳ ಹಿಂದೆಯೇ ಹೊಸ ಸ್ವರೂಪ ಬಂದಿದ್ದರೂ ಯಾರೋ ಎಂದೋ ಸಿದ್ಧಪಡಿಸಿದ ಹಳೆಯ ನಮೂನೆ ಬಳಕೆಯಲ್ಲಿ ಉಳಿದದ್ದೇ ಇದರ ಮೂಲ. ನಮ್ಮ ಕಚೇರಿಗಳಲ್ಲೂ ಮೊದಲ ಗುಮಾಸ್ತರು ಮಾಡಿಟ್ಟ ಎಕ್ಸ್‌ಎಲ್‌ಎಸ್ ನಮೂನೆಯನ್ನೇ ಪ್ರತಿವರ್ಷ ನಕಲು ಮಾಡಿಕೊಂಡು ಬರುತ್ತಿರುವ ಪರಿಪಾಠವಿದ್ದರೆ ಅದನ್ನು ಇಂದೇ ಪರಿಶೀಲಿಸುವುದು ಉಚಿತ.

ನಿತ್ಯ ವ್ಯವಹಾರದ ತೊಡಕುಗಳು

ಸಾಮಾನ್ಯ ವರ್ತಕನಿಗೆ ಸಾಲುಗಳ ಮಿತಿಗಿಂತ ಹೆಚ್ಚು ಕಾಟ ಕೊಡುವುದು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿಯನ್ನು ದಾಟಿಸುವಾಗ ಆಗುವ ಸಣ್ಣ ಸಣ್ಣ ಬದಲಾವಣೆಗಳು. ಬೆಂಗಳೂರಿನಲ್ಲೇ ನೆಲೆಯುಳ್ಳ ಟ್ಯಾಲಿಯಿಂದ ಎಕ್ಸೆಲ್‌ಗೆ, ಬ್ಯಾಂಕಿನಿಂದ ಬಂದ ಸಿಎಸ್‌ವಿ ಕಡತದಿಂದ ಲೆಕ್ಕಪರಿಶೋಧಕರ ಯಂತ್ರಕ್ಕೆ, ಅಲ್ಲಿಂದ ಜಿಎಸ್‌ಟಿ ತಾಣದ ಆಫ್‌ಲೈನ್ ಸಾಧನಕ್ಕೆ ಅಂಕಿಗಳು ಸಾಗುತ್ತಲೇ ಇರುತ್ತವೆ. ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ. ಎಲ್ಲ ತಂತ್ರಾಂಶಗಳೂ ಅದನ್ನು ಓದುತ್ತವೆ. ಆದರೆ ಯಾವ ಅಂಕಿ ಮೊತ್ತ, ಯಾವುದು ಸಂಕೇತ, ಯಾವುದು ದಿನಾಂಕ ಎಂಬ ಸೂಚನೆ ಅದರಲ್ಲಿರುವುದಿಲ್ಲ. ಓದುವ ತಂತ್ರಾಂಶವೇ ಊಹಿಸಿಕೊಳ್ಳುತ್ತದೆ. ತೊಡಕುಗಳು ಹುಟ್ಟುವುದು ಇಲ್ಲಿಯೇ.

ಮೊದಲನೆಯದು ಆರಂಭದ ಸೊನ್ನೆ. ಕಾಫಿಯ ಎಚ್‌ಎಸ್‌ಎನ್ ಶೀರ್ಷಿಕೆ 0901, ಕಾಳುಮೆಣಸಿನದು 0904, ಏಲಕ್ಕಿ 0908ರಲ್ಲಿ ಬರುತ್ತದೆ, ಅಡಿಕೆ 0802ರಲ್ಲಿ ಬರುತ್ತದೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಶಿರಸಿಯ ವರ್ತಕರ ಮುಖ್ಯ ಸರಕುಗಳೆಲ್ಲ ಸೊನ್ನೆಯಿಂದಲೇ ಆರಂಭವಾಗುತ್ತವೆ. ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಅದು ಇವನ್ನು ಸಂಖ್ಯೆಗಳೆಂದು ಭಾವಿಸಿ ಸೊನ್ನೆಯನ್ನು ಕಿತ್ತುಹಾಕುತ್ತದೆ. 0901 ಇದ್ದದ್ದು 901 ಆಗುತ್ತದೆ. ಹಾಗೆಯೇ ಉಳಿಸಿಬಿಟ್ಟರೆ ಸೊನ್ನೆ ಮರಳಿ ಬಾರದು. ಸೊನ್ನೆಯಿಂದ ಆರಂಭವಾಗುವ ಬ್ಯಾಂಕ್ ಖಾತೆ ಸಂಖ್ಯೆಗಳ ಪಾಡೂ ಇದೇ.

ಎರಡನೆಯದು ಉದ್ದದ ಸಂಖ್ಯೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರ. 16 ಅಂಕಿಗಳ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ತುಂಬಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಅಂದರೆ ಹಣ ಬೇರೆಯವರ ಖಾತೆಗೆ ಹೋಗುವ ಅಥವಾ ತಿರಸ್ಕೃತವಾಗುವ ಅಪಾಯ. 12 ಅಂಕಿಗಳ ಇ-ವೇ ಬಿಲ್ ಸಂಖ್ಯೆಯು ತೆರೆಯ ಮೇಲೆ 1.81235ಇ+11 ಎಂಬಂಥ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಆಗಲೂ ಒಳಗಿನ ಸಂಖ್ಯೆ ಪೂರ್ಣವಾಗಿಯೇ ಇರುತ್ತದೆ. ಆದರೆ ಕಡತವನ್ನು ಸಿಎಸ್‌ವಿಯಾಗಿ ಉಳಿಸಿದಾಗ ತೆರೆಯ ಮೇಲೆ ಕಂಡದ್ದೇ ಬರೆಯಲ್ಪಡುತ್ತದೆ. ಮಿಕ್ಕ ಅಂಕಿಗಳು ನಷ್ಟವಾಗುತ್ತವೆ. ಪೈಸೆಗಳನ್ನು ಮರೆಮಾಡಿ ರೂಪಾಯಿಗಳನ್ನಷ್ಟೇ ತೋರಿಸುವ ಹಾಳೆಯನ್ನು ಹೀಗೆ ಉಳಿಸಿದರೆ ಪೈಸೆಗಳೂ ಹೋಗುತ್ತವೆ. ವರ್ಷಾಂತ್ಯದಲ್ಲಿ ಕೆಲವು ರೂಪಾಯಿಗಳ ವ್ಯತ್ಯಾಸಕ್ಕಾಗಿ ರಾತ್ರಿಯಿಡೀ ತಾಳೆ ನೋಡುವವರು ಈ ಸಾಧ್ಯತೆಯನ್ನೂ ಪರಿಶೀಲಿಸಬಹುದು.

ಮೂರನೆಯದು ದಿನಾಂಕ. ಸ್ಪ್ರೆಡ್‌ಶೀಟ್ ದಿನಾಂಕವನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. ಜಿಎಸ್‌ಟಿ ಜಾರಿಗೆ ಬಂದ 2017ರ ಜುಲೈ 1ನೇ ದಿನಾಂಕ ಎಕ್ಸೆಲ್‌ನ ಲೆಕ್ಕದಲ್ಲಿ 42917. ಮ್ಯಾಕಿಂಟಾಷ್ ಯಂತ್ರಗಳ ಹಳೆಯ ಎಕ್ಸೆಲ್ ಎಣಿಕೆಯನ್ನು 1904ರಿಂದ ಆರಂಭಿಸುತ್ತಿತ್ತು. ಎರಡು ಎಣಿಕೆಗಳಿಗೆ 1,462 ದಿನಗಳ ಅಂತರ. ಅಂಥ ಕಡತದಿಂದ ದಿನಾಂಕವನ್ನು ನಕಲಿಸಿ ಇನ್ನೊಂದಕ್ಕೆ ಅಂಟಿಸಿದರೆ ಅದೇ ದಿನ 2013ರ ಜೂನ್ 30 ಆಗಿಬಿಡಬಹುದು.

ಇದು ಅಪರೂಪದ ಪ್ರಸಂಗ. ಪದೇ ಪದೇ ಸಂಭವಿಸುವುದು ಇನ್ನೊಂದು. ನಮ್ಮ ರೂಢಿಯಲ್ಲಿ 04/05/2024 ಎಂದರೆ ಮೇ 4. ಯಂತ್ರದ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ್ದಾಗಿದ್ದರೆ ಅದನ್ನೇ ಏಪ್ರಿಲ್ 5 ಎಂದು ಓದುತ್ತದೆ. 13/05/2024 ಅದಕ್ಕೆ ದಿನಾಂಕವಾಗಿಯೇ ತೋರದು. ಬರಿಯ ಅಕ್ಷರವಾಗಿ ಉಳಿಯುತ್ತದೆ. ಪರಿಣಾಮವಾಗಿ ತಿಂಗಳ ಮೊದಲ ಹನ್ನೆರಡು ದಿನಗಳ ಬಿಲ್ಲುಗಳು ಬೇರೆ ಬೇರೆ ತಿಂಗಳುಗಳಿಗೆ ಹಂಚಿಹೋಗಿ, ಉಳಿದವು ದಿನಾಂಕವಾರು ಮೊತ್ತದಿಂದ ಹೊರಗುಳಿಯುತ್ತವೆ. ಮೇ ತಿಂಗಳ ಮಾರಾಟ ಏಪ್ರಿಲ್ ತಿಂಗಳ ವಿವರಪತ್ರದಲ್ಲಿ ಸೇರಿದರೆ ಅದರಿಂದ ಬರುವ ನೋಟೀಸಿಗೆ ಉತ್ತರ ಕೊಡಬೇಕಾದವರು ನಾವೇ. 12/05 ಎಂಬಂಥ ಬಿಲ್ಲಿನ ಕ್ರಮಸಂಖ್ಯೆಯೂ ದಿನಾಂಕವಾಗಿ ಮಾರ್ಪಡುವುದುಂಟು.

ಈ ಸಂಗತಿಯನ್ನು ಗುಮಾಸ್ತರ ಅಲಕ್ಷ್ಯವೆಂದು ತಳ್ಳಿಹಾಕುವಂತಿಲ್ಲ. ವಂಶವಾಹಿಗಳಿಗೆ ಹೆಸರು ನಿಗದಿಪಡಿಸುವ ಅಂತರರಾಷ್ಟ್ರೀಯ ಸಮಿತಿಯು, ಎಕ್ಸೆಲ್ ಕೆಲವು ಹೆಸರುಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ದಿನಾಂಕಗಳೆಂದು ಭಾವಿಸಿ ತಿದ್ದುತ್ತಿದ್ದುದರಿಂದ, ಆ ಹೆಸರುಗಳನ್ನೇ ಬದಲಿಸಿತೆಂದು 2020ರಲ್ಲಿ ವರದಿಯಾಯಿತು. ವಿಜ್ಞಾನಿಗಳಿಗೇ ತಪ್ಪದ ತೊಡಕು ನಮ್ಮನ್ನು ಬಿಟ್ಟೀತೆ? 2023ರಲ್ಲಿ ಎಕ್ಸೆಲ್‌ನಲ್ಲಿ ಇಂಥ ತಾನಾಗಿ ಆಗುವ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಬಂದಿದೆ. ಹೊಸ ಆವೃತ್ತಿಯುಳ್ಳವರು ಅದನ್ನು ಬಳಸಿಕೊಳ್ಳಬಹುದು.

ನಾಲ್ಕನೆಯದು ಕನ್ನಡ. ಗ್ರಾಮಾಂತರದ ಬಾಕಿದಾರರ ಹೆಸರುಗಳನ್ನು ಹಲವರು ಹಿಂದಿನಿಂದಲೂ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ತುಂಬುತ್ತಾ ಬಂದಿದ್ದಾರೆ. ಆ ವ್ಯವಸ್ಥೆಯಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪ ಹೊದಿಸಲಾಗಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಇಡೀ ಪಟ್ಟಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಅಕಾರಾದಿಯಾಗಿ ಜೋಡಿಸುವುದೂ ಹುಡುಕುವುದೂ ಸರಿಯಾಗಿ ನಡೆಯದು. ಯುನಿಕೋಡ್‌ನಲ್ಲಿ ತುಂಬಿದರೆ ಈ ತೊಂದರೆಯಿಲ್ಲ. ಆದರೂ ಸಾಮಾನ್ಯ ಸಿಎಸ್‌ವಿ ಆಯ್ಕೆಯಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಎಕ್ಸೆಲ್‌ನ ಈಚಿನ ಆವೃತ್ತಿಗಳಲ್ಲಿರುವ ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯನ್ನೇ ಬಳಸಬೇಕು.

ಕೊನೆಯದಾಗಿ ಸೂತ್ರಗಳು ಮತ್ತು ಮ್ಯಾಕ್ರೋಗಳು. ಎಕ್ಸ್‌ಲುಕಪ್‌ನಂಥ ಹೊಸ ಸೂತ್ರಗಳು ಹಳೆಯ ಎಕ್ಸೆಲ್‌ಗೆ ತಿಳಿಯವು. ಕಡತ ತೆರೆದಾಗ ಹಿಂದಿನ ಉತ್ತರವೇ ಕಾಣುತ್ತಿದ್ದು, ಮರುಲೆಕ್ಕ ಮಾಡಿದ ಕ್ಷಣ ದೋಷದ ಸೂಚನೆ ಬರುತ್ತದೆ. ಲಿಬ್ರೆ ಆಫೀಸ್‌ಗೆ ಈ ಸೂತ್ರ ಬಂದದ್ದು 2024ರ ಆಗಸ್ಟ್ ತಿಂಗಳ ಆವೃತ್ತಿಯಲ್ಲಿ. ಮ್ಯಾಕ್ರೋಗಳಂತೂ ಎಕ್ಸೆಲ್‌ಗೇ ಮೀಸಲಾದ ಭಾಷೆಯಲ್ಲಿರುತ್ತವೆ. ಲಿಬ್ರೆ ಆಫೀಸ್ ಅವುಗಳನ್ನು ಭಾಗಶಃ ನಡೆಸಬಲ್ಲುದು. ಗೂಗಲ್ ಶೀಟ್ಸ್ ನಡೆಸದು. ಮ್ಯಾಕ್ರೋಗಳನ್ನು ಅವಲಂಬಿಸಿದ ಎಕ್ಸೆಲ್ ನಮೂನೆಗಳನ್ನು ತೆರಿಗೆ ಇಲಾಖೆಗಳೇ ನೀಡುತ್ತಿರುವುದರಿಂದ, ಖರ್ಚು ಉಳಿಸಲು ಉಚಿತ ತಂತ್ರಾಂಶಗಳಿಗೆ ಬದಲಾಗುವ ಸಂಸ್ಥೆಗಳು ಕನಿಷ್ಠ ಒಂದು ಯಂತ್ರದಲ್ಲಾದರೂ ಎಕ್ಸೆಲ್ ಉಳಿಸಿಕೊಳ್ಳುವುದು ವ್ಯಾವಹಾರಿಕವಾಗಿ ಅನಿವಾರ್ಯ.

ಕಾನೂನಿನ ಅಪೇಕ್ಷೆ

ಹಳೆಯ ಕಡತಗಳನ್ನು ತೆರೆಯಲಾಗುತ್ತಿಲ್ಲ ಎಂಬುದು ಅಧಿಕಾರಿಗಳ ಮುಂದೆ ಒಪ್ಪತಕ್ಕ ಉತ್ತರವಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನ ಪ್ರಕಾರ ಕಂಪನಿಗಳು ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿರಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ದಾಖಲೆಗಳನ್ನು ಕಾಪಾಡಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದರೆ ಅವಧಿ ಇನ್ನೂ ದೀರ್ಘ.

ಸ್ವರೂಪದ ಬಗೆಗೂ ಕಾನೂನು ಮೌನವಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮು ಮತ್ತು 2014ರ ಕಂಪನಿ ಲೆಕ್ಕಪತ್ರ ನಿಯಮಗಳ 3ನೇ ನಿಯಮ, ವಿದ್ಯುನ್ಮಾನ ದಾಖಲೆಗಳು ಮುಂದೆ ಬಳಸಲು ದೊರಕುವಂತಿರಬೇಕೆಂದೂ, ಮೂಲತಃ ಸಿದ್ಧವಾದ ಸ್ವರೂಪದಲ್ಲಿ ಅಥವಾ ಅದೇ ಮಾಹಿತಿಯನ್ನು ನಿಖರವಾಗಿ ಬಿಂಬಿಸುವ ಸ್ವರೂಪದಲ್ಲಿ ಇರಬೇಕೆಂದೂ ಹೇಳುತ್ತವೆ. ಜಿಎಸ್‌ಟಿ ನಿಯಮಗಳ 57ನೇ ನಿಯಮವು ಯೋಗ್ಯ ಬ್ಯಾಕಪ್ ಇಟ್ಟುಕೊಳ್ಳುವುದನ್ನು ಕಡ್ಡಾಯಗೊಳಿಸಿದೆ. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರವನ್ನೂ ಗುಪ್ತಪದಗಳನ್ನೂ ಬಳಸಿದ ಸಂಕೇತಗಳ ವಿವರಣೆಯನ್ನೂ ಒದಗಿಸಬೇಕೆಂದು ವಿಧಿಸಿದೆ. ಕೆಲಸ ಬಿಟ್ಟುಹೋದ ಲೆಕ್ಕಿಗನ ನೆನಪಿನಲ್ಲಷ್ಟೇ ಗುಪ್ತಪದ ಉಳಿದಿದ್ದರೆ ಆಗುವ ಪೇಚಾಟವನ್ನು ವಿವರಿಸಬೇಕಿಲ್ಲ.

ಇದರೊಂದಿಗೆ ಇನ್ನೊಂದು ಅಂಶ. 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಲೆಕ್ಕದ ತಂತ್ರಾಂಶ ಬಳಸುವ ಕಂಪನಿಗಳು, ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸುವ ಮತ್ತು ಆ ದಾಖಲಾತಿಯನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕಾಗಿದೆ. ಸಾಮಾನ್ಯ ಸ್ಪ್ರೆಡ್‌ಶೀಟ್ ಕಡತದಲ್ಲಿ ಅಂಥ ವ್ಯವಸ್ಥೆಯಿಲ್ಲ. ಆದುದರಿಂದ ಕಂಪನಿಗಳು ಅದನ್ನು ಪೂರಕ ಪಟ್ಟಿಗಳಿಗೆ ಬಳಸಬಹುದೇ ಹೊರತು ಮೂಲ ಲೆಕ್ಕಪುಸ್ತಕದ ಸ್ಥಾನದಲ್ಲಿ ಇರಿಸುವುದು ಸಲ್ಲದು.

ಅನುಸರಿಸಬಹುದಾದ ಕ್ರಮಗಳು

1. ವರ್ಷಾಂತ್ಯದಲ್ಲಿ ಪ್ರತಿಯೊಂದು ಮುಖ್ಯ ಕಡತದ ಮೂರು ಪ್ರತಿಗಳನ್ನು ಇರಿಸಿಕೊಳ್ಳಿರಿ: ಮೂಲ ಸ್ವರೂಪದ ಒಂದು ಪ್ರತಿ, ಓಡಿಎಸ್‌ನಂಥ ಮುಕ್ತ ಸ್ವರೂಪದ ಒಂದು ಪ್ರತಿ, ಮತ್ತು ದೀರ್ಘಕಾಲದ ಸಂರಕ್ಷಣೆಗೆಂದೇ ರೂಪಿತವಾದ ಪಿಡಿಎಫ್-ಎ ಪ್ರತಿ. ಮೂಲದಲ್ಲಿ ಸೂತ್ರಗಳು ಉಳಿಯುತ್ತವೆ. ಮುಕ್ತ ಪ್ರತಿಯನ್ನು ಬೇರೆ ಬೇರೆ ತಂತ್ರಾಂಶಗಳು ಓದಬಲ್ಲವು. ಪಿಡಿಎಫ್ ಪ್ರತಿ ಅಂದು ಕಂಡ ಅಂಕಿಗಳನ್ನು ಹಾಗೆಯೇ ತೋರಿಸುತ್ತದೆ.

2. ಎಕ್ಸ್‌ಎಲ್‌ಎಸ್ ಮತ್ತು ಅದಕ್ಕೂ ಹಳೆಯ ಕಡತಗಳನ್ನು ಗುರುತಿಸಿ, ಅವು ತೆರೆಯುತ್ತಿರುವಾಗಲೇ ಹೊಸ ಸ್ವರೂಪಕ್ಕೆ ಪರಿವರ್ತಿಸಿರಿ. ಪರಿವರ್ತನೆಯ ನಂತರ ಸಾಲುಗಳ ಸಂಖ್ಯೆ ಮತ್ತು ಮುಖ್ಯ ಮೊತ್ತಗಳನ್ನು ಹಳೆಯದರೊಡನೆ ತಾಳೆ ನೋಡಿರಿ. ಹಳೆಯ ಪ್ರತಿಯನ್ನು ಅಳಿಸಬೇಡಿರಿ.

3. ಸಿಎಸ್‌ವಿ ಕಡತವನ್ನು ಎರಡು ಬಾರಿ ಒತ್ತಿ ನೇರವಾಗಿ ತೆರೆಯುವ ಬದಲು ಡೇಟಾ ಪಟ್ಟಿಯ ಮೂಲಕ ಆಮದು ಮಾಡಿಕೊಳ್ಳಿರಿ. ಆಗ ಎಚ್‌ಎಸ್‌ಎನ್, ಖಾತೆ ಸಂಖ್ಯೆ, ಬಿಲ್ಲಿನ ಸಂಖ್ಯೆ ಹಾಗೂ ಇ-ವೇ ಬಿಲ್ ಸಂಖ್ಯೆಯ ಕಂಬಸಾಲುಗಳನ್ನು ಪಠ್ಯವೆಂದು ನಮೂದಿಸಬಹುದು. ಕೂಡಿ ಕಳೆಯಬೇಕಾಗಿಲ್ಲದ ಯಾವ ಅಂಕಿಯನ್ನೂ ಸಂಖ್ಯೆಯಾಗಿ ಇರಿಸಬಾರದು.

4. ಕಚೇರಿಯ ಎಲ್ಲ ಯಂತ್ರಗಳ ಪ್ರಾದೇಶಿಕ ವ್ಯವಸ್ಥೆಯನ್ನು ಭಾರತಕ್ಕೆ ಹೊಂದಿಸಿರಿ. ಹೊರಗೆ ಕಳುಹಿಸುವ ಪಟ್ಟಿಗಳಲ್ಲಿ ತಿಂಗಳನ್ನು ಅಂಕಿಯ ಬದಲು ಹೆಸರಿನಿಂದ ಬರೆದರೆ ಗೊಂದಲಕ್ಕೆ ಅವಕಾಶವಿಲ್ಲ.

5. ಕನ್ನಡದ ಹೊಸ ನಮೂದುಗಳೆಲ್ಲ ಯುನಿಕೋಡ್‌ನಲ್ಲೇ ಇರಲಿ. ಹಳೆಯ ಪಟ್ಟಿಗಳನ್ನು ಪರಿವರ್ತಕಗಳ ನೆರವಿನಿಂದ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿನಿಂದ ಪರೀಕ್ಷಿಸಿರಿ.

6. ಹಳೆಯ ಆವೃತ್ತಿಯುಳ್ಳ ಗಿರಾಕಿಗಳಿಗೆ ಕಡತ ಕಳುಹಿಸುವ ಮುನ್ನ ಎಕ್ಸೆಲ್‌ನ ಹೊಂದಾಣಿಕೆ ಪರೀಕ್ಷೆಯನ್ನು ನಡೆಸಿರಿ. ತಿದ್ದುವ ಅಗತ್ಯವಿಲ್ಲದ ದರಪಟ್ಟಿಗಳಿಗೆ ಪಿಡಿಎಫ್ ಸಾಕು.

7. ಗುಪ್ತಪದಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ವಶದಲ್ಲಿ ಇಡಿರಿ. ಬ್ಯಾಕಪ್ ಪ್ರತಿಯೊಂದು ಕಚೇರಿಯಿಂದ ಹೊರಗಿನ ಸ್ಥಳದಲ್ಲಿರಲಿ.

8. ತಂತ್ರಾಂಶದ ಆಯುಷ್ಯವನ್ನೂ ಗಮನಿಸುತ್ತಿರಿ. ಆಫೀಸ್ 2016 ಮತ್ತು 2019ರ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಬದಲಾವಣೆಯನ್ನು ಮಾರ್ಚ್ ತಿಂಗಳ ಒತ್ತಡದಲ್ಲಿ ಮಾಡದೆ, ಬಿಡುವಿನ ತಿಂಗಳುಗಳಲ್ಲಿ ಯೋಜಿಸಿಕೊಳ್ಳುವುದು ಲೇಸು.

ಮೇಲಿನ ಯಾವ ಕ್ರಮಕ್ಕೂ ಹೆಚ್ಚಿನ ವೆಚ್ಚವಿಲ್ಲ. ಲಿಬ್ರೆ ಆಫೀಸ್ ಉಚಿತವಾಗಿ ದೊರೆಯುತ್ತದೆ, ಪಿಡಿಎಫ್ ಸೌಲಭ್ಯ ಎಲ್ಲ ತಂತ್ರಾಂಶಗಳಲ್ಲೂ ಇದೆ. ಬೇಕಾಗಿರುವುದು ವರ್ಷಕ್ಕೊಮ್ಮೆ ಅರ್ಧ ದಿನದ ಶ್ರಮ ಮತ್ತು ಮಾಲೀಕರ ಗಮನ. ಬರುವ ದೀಪಾವಳಿಯಂದು ಪೂಜೆಗೆ ಲೆಕ್ಕಪುಸ್ತಕಗಳನ್ನು ಇಡುವ ಮುನ್ನ ಸದಸ್ಯರು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಲಿ: ಎಂಟು ವರ್ಷಗಳ ಹಿಂದಿನ ಒಂದು ಕಡತವನ್ನು ಇಂದಿನ ಯಂತ್ರದಲ್ಲಿ ತೆರೆದು, ಯಾವುದಾದರೂ ಒಂದು ತಿಂಗಳ ಮೊತ್ತವನ್ನು ಆಗ ಸಲ್ಲಿಸಿದ ವಿವರಪತ್ರದೊಡನೆ ತಾಳೆ ನೋಡಲಿ. ತಾಳೆಯಾದರೆ ಸಂತೋಷ. ಕಡತವೇ ತೆರೆಯದಿದ್ದರೆ, ಆ ಸಂಗತಿ ಅಧಿಕಾರಿಯ ಮುಂದೆ ತಿಳಿಯುವುದಕ್ಕಿಂತ ನಮ್ಮ ಕಚೇರಿಯಲ್ಲೇ ಮೊದಲು ತಿಳಿದದ್ದು ಒಳಿತೇ ಆಯಿತೆಂದು ಭಾವಿಸಿ, ಅಂದೇ ಪರಿಹಾರಕ್ಕೆ ತೊಡಗಬಹುದು.